ಸೈಟಿನಲ್ಲಿರುವ ಇಮೇಲ್ ವಿಳಾಸ ಸ್ಪ್ಯಾಮ್ ಬಾಟ್‌ಗಳಿಗೆ ಸಿಗದ ಹಾಗೆ ಮಾಡುವುದು ಹೇಗೆ?

ನಿಮ್ಮ ಸೈಟಿನ ಸಂಪರ್ಕ ಪುಟವನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಕಂಟ್ರೋಲ್ ಕೀ ಹಿಡಿದುಕೊಂಡು ಯು ಒತ್ತಿ. ಮ್ಯಾಕ್‌ನಲ್ಲಿ ಕ್ರೋಮ್ ಆದರೆ ಕಮಾಂಡ್, ಆಪ್ಷನ್ ಎರಡನ್ನೂ ಹಿಡಿದು ಯು ಒತ್ತಬೇಕು. ಪುಟದ ಹಿಂದಿರುವ ಕೋಡ್ ತೆರೆದುಕೊಳ್ಳುತ್ತದೆ. ಅದರಲ್ಲಿ @ ಹಾಕಿ ಹುಡುಕಿ. ಸಿಕ್ಕಿದ್ದೆಲ್ಲ ಇಮೇಲ್ ಆಗಿರಬೇಕಿಲ್ಲ, ಪುಟದ ಅಂದಚಂದ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲೂ @ ಬರುತ್ತದೆ. ಆದರೆ ನಿಮ್ಮ ವಿಳಾಸ ಡೊಮೇನ್ (@ ಆದಮೇಲೆ ಬರುವ ಸೈಟಿನ ಹೆಸರು) ಸಮೇತ ಇಡಿಯಾಗಿ ಅಲ್ಲಿ ಕೂತಿದ್ದರೆ, ನೀವು ಹುಡುಕಿದಷ್ಟೇ ಸಲೀಸಾಗಿ ಬಾಟ್‌ಗಳೂ, ಅಂದರೆ ತಾವಾಗಿಯೇ ಸೈಟುಗಳನ್ನು ಜಾಲಾಡುವ ಪ್ರೋಗ್ರಾಂಗಳೂ, ಅದನ್ನು ಹುಡುಕಿಕೊಂಡಿರುತ್ತವೆ.

ಈ ಬಾಟ್‌ಗಳನ್ನು ಹಾರ್ವೆಸ್ಟರ್ ಅಂತ ಕರೆಯುತ್ತಾರೆ. ಅವು ಮಾಡುವ ಕೆಲಸ ತೀರಾ ಸರಳ. ಒಂದು ಪುಟ ಇಳಿಸಿಕೊಳ್ಳುತ್ತವೆ. ಒಂದಷ್ಟು ಅಕ್ಷರ, ಆಮೇಲೆ @, ಮತ್ತೊಂದಷ್ಟು ಅಕ್ಷರ, ಒಂದು ಚುಕ್ಕಿ, ಮತ್ತೆ ಅಕ್ಷರ. ಈ ಅಚ್ಚಿಗೆ ಹೊಂದುವುದನ್ನೆಲ್ಲ ಹೆಕ್ಕಿಕೊಂಡು, ಪುಟದಲ್ಲಿರುವ ಲಿಂಕುಗಳನ್ನು ಹಿಡಿದು ಮುಂದಕ್ಕೆ ಹೋಗುತ್ತವೆ. 'ಈ ಪುಟಕ್ಕೆ ಬರಬೇಡಿ' ಎಂದು ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಫೈಲಿನಲ್ಲಿ ಬರೆದರೆ ಗೂಗಲ್ ಕೇಳುತ್ತದೆ, ಇವು ಕೇಳುವುದಿಲ್ಲ. ಕೇಳಬೇಕೆಂಬ ಕಟ್ಟುಪಾಡೇನೂ ಅವಕ್ಕಿಲ್ಲ.

ಈ ವಿಷಯ ಹೊಸದೇನಲ್ಲ. ಅಮೆರಿಕದ ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ ಸಂಸ್ಥೆ 2003ರಲ್ಲಿ ಒಂದು ವರದಿ ಕೊಟ್ಟಿತು. ನೂರಾರು ಹೊಸ ಇಮೇಲ್ ವಿಳಾಸಗಳನ್ನು ಬೇರೆ ಬೇರೆ ಕಡೆ ಬಳಸಿ, ಯಾವುದಕ್ಕೆ ಸ್ಪ್ಯಾಮ್ ಬರುತ್ತದೆ ಎಂದು ಕಾದು ನೋಡಿದ ಪ್ರಯೋಗ ಅದು. ಬಂದ ಸ್ಪ್ಯಾಮಿನಲ್ಲಿ ಬಹುಪಾಲು ಬಂದದ್ದು ವೆಬ್ ಪುಟಗಳಲ್ಲಿ ಹಾಗೇ ಬರೆದಿಟ್ಟ ವಿಳಾಸಗಳಿಗೆ. ಸ್ವಲ್ಪ ಮರೆಮಾಚಿ ಬರೆದ ವಿಳಾಸಗಳಿಗೆ ಒಂದೂ ಬರಲಿಲ್ಲ. ಈಗಿನ ಬಾಟ್‌ಗಳು ಆಗಿನದಕ್ಕಿಂತ ಚುರುಕಾಗಿವೆ, ನಿಜ. ಆದರೂ ಆ ಪ್ರಯೋಗದ ಹಿಂದಿನ ಲೆಕ್ಕ ಹಾಗೇ ಇದೆ. ಹಾರ್ವೆಸ್ಟರ್‌ಗೆ ಲಕ್ಷಾಂತರ ಪುಟ ಮುಗಿಸಬೇಕು. ಒಂದು ಪುಟದ ಮುಂದೆ ತಲೆ ಕೆಡಿಸಿಕೊಂಡು ಕೂರುವುದು ಅದಕ್ಕೆ ಗಿಟ್ಟುವುದಿಲ್ಲ. ಹಾಗಾಗಿ ಯಾರೂ ಬಿಡಿಸಲಾಗದ ಬೀಗ ನಮಗೆ ಬೇಕಿಲ್ಲ. ಬಾಟ್‌ಗೆ ಸ್ವಲ್ಪ ಕಿರಿಕಿರಿ, ಓದುಗರಿಗೆ ಒಂಚೂರೂ ಇಲ್ಲ. ಇಷ್ಟಾದರೆ ಸಾಕು. ಈ ಎರಡನೆಯದನ್ನೇ ಜಾಸ್ತಿ ಜನ ಮರೆಯುವುದು. ಸ್ಪ್ಯಾಮ್ ತಡೆಯಲು ಹೋಗಿ, ಬರೆಯಬೇಕಾದವರೂ ಬರೆಯಲಾಗದ ಹಾಗೆ ಮಾಡಿಟ್ಟುಬಿಡುತ್ತಾರೆ.

ಮೊದಲು: ವಿಳಾಸ ಎಲ್ಲೆಲ್ಲಿ ಬಿದ್ದಿದೆ ಅಂತ ನೋಡಿ

ಸಂಪರ್ಕ ಪುಟವೊಂದನ್ನು ಸರಿಮಾಡಿ ಕೈ ತೊಳೆದುಕೊಂಡರೆ ಆಗಲಿಲ್ಲ. ವಿಳಾಸ ನಿಮಗೆ ಗೊತ್ತಿಲ್ಲದ ಕಡೆಯೂ ಇರುತ್ತದೆ.

ಪ್ರತಿ ಪುಟದ ಕೆಳಗೆ ಬರುವ ಫುಟರ್ ನೋಡಿ. ಸೈಟಿಗೆ ಹಾಕಿದ ಪಿಡಿಎಫ್‌ಗಳನ್ನು ನೋಡಿ. ಪಿಡಿಎಫ್ ಒಳಗಿನ ಅಕ್ಷರಗಳನ್ನು ಓದುವುದು ಬಾಟ್‌ಗೆ ಕಷ್ಟವೇನಲ್ಲ, ಸರ್ಚ್ ಎಂಜಿನ್‌ಗಳು ಎಷ್ಟೋ ವರ್ಷದಿಂದ ಓದುತ್ತಿವೆ. ಸರ್ಚ್ ಎಂಜಿನ್‌ಗೆ ಅಂತಲೇ ಪುಟದ ಕೋಡಿನಲ್ಲಿ ಸಂಸ್ಥೆಯ ಹೆಸರು, ಫೋನ್, ಇಮೇಲ್ ಬರೆದಿಡುವ ಒಂದು ಭಾಗ ಇರುತ್ತದೆ. ಸರ್ಚ್‌ನಲ್ಲಿ ಸೈಟ್ ಮೇಲೆ ಬರಲೆಂದು ಹಾಕಿಕೊಳ್ಳುವ ಎಸ್‌ಇಒ ಪ್ಲಗಿನ್‌ಗಳು ಅದನ್ನು ತಾವೇ ತುಂಬಿಸುತ್ತವೆ. ಪುಟದ ಮೇಲೆ ಅದು ಕಾಣುವುದೇ ಇಲ್ಲ, ಕೋಡಿನಲ್ಲಿ ಮಾತ್ರ ಇರುತ್ತದೆ. ಎದುರಿಗೆ ಎಷ್ಟು ಚೆನ್ನಾಗಿ ಮುಚ್ಚಿದರೂ ಹಿಂಬಾಗಿಲು ತೆರೆದೇ ಇದ್ದರೆ ಏನು ಪ್ರಯೋಜನ? ಹೊಸ ಬರಹಗಳ ಪಟ್ಟಿಯನ್ನು ಬೇರೆ ಆ್ಯಪ್‌ಗಳಿಗೆ ಕೊಡುವ ಆರ್‌ಎಸ್‌ಎಸ್ ಫೀಡನ್ನೂ ಒಮ್ಮೆ ತೆರೆದು ನೋಡಿ. ಆರ್‌ಎಸ್‌ಎಸ್ 2.0ರ ನಿಯಮದ ಪ್ರಕಾರ ಲೇಖಕರ ಜಾಗದಲ್ಲಿ ಇಮೇಲ್ ವಿಳಾಸವೇ ಬರಬೇಕು, ಕೆಲವು ಸಾಫ್ಟ್‌ವೇರ್‌ಗಳು ಅದನ್ನು ತಪ್ಪದೆ ಪಾಲಿಸುತ್ತವೆ.

ಸೈಟಿನ ಹೊರಗೂ ಮೂರು ಜಾಗ ಇವೆ. ಒಂದು, ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಹೇಳುವ ಹೂಈಸ್ ಎಂಬ ನೋಂದಣಿ ಮಾಹಿತಿ. ಜನರ ಖಾಸಗಿ ಮಾಹಿತಿ ಕಾಯುವ ಐರೋಪ್ಯ ಒಕ್ಕೂಟದ ಜಿಡಿಪಿಆರ್ ಕಾನೂನು 2018ರ ಮೇ 25ರಂದು ಜಾರಿಗೆ ಬಂದ ಮೇಲೆ ಡೊಮೇನ್ ನೋಂದಾಯಿಸಿಕೊಡುವ ಬಹಳಷ್ಟು ರಿಜಿಸ್ಟ್ರಾರ್‌ಗಳು ಇದನ್ನು ಮುಚ್ಚಿಟ್ಟಿದ್ದಾರೆ. ಆದರೆ ಎಲ್ಲ ಡೊಮೇನ್‌ಗಳಿಗೂ ಹಾಗಿಲ್ಲ. ನಿಮ್ಮದನ್ನು ಹುಡುಕಿ ನೋಡಿ, ಕಾಣುತ್ತಿದ್ದರೆ ಪ್ರೈವಸಿ ಸೌಲಭ್ಯ ಆನ್ ಮಾಡಿ. ಎರಡು, ಡೊಮೇನಿನ ಡಿಎನ್‌ಎಸ್, ಅಂದರೆ ಆ ಹೆಸರು ಯಾವ ಸರ್ವರಿಗೆ ಹೋಗಬೇಕು ಎಂದು ಹೇಳುವ ದಾಖಲೆಗಳು. ಅದರ ಎಸ್‌ಒಎ ದಾಖಲೆಯಲ್ಲಿ ನಿರ್ವಾಹಕರ ಇಮೇಲ್ ಇರುತ್ತದೆ, @ ಜಾಗದಲ್ಲಿ ಒಂದು ಚುಕ್ಕಿ ಹಾಕಿ ಬರೆದಿರುತ್ತಾರೆ ಅಷ್ಟೆ. ಮೂರು, ನೀವು ಕೋಡ್ ಬರೆಯುವವರಾದರೆ ಗಿಟ್. ಪ್ರತಿ ಕಮಿಟ್ ಜೊತೆ ನಿಮ್ಮ ಹೆಸರು ಮತ್ತು ಇಮೇಲ್ ಅಂಟಿಕೊಂಡೇ ಹೋಗುತ್ತದೆ. ಗಿಟ್‌ಹಬ್‌ನಲ್ಲಿ ಇಮೇಲ್ ಖಾಸಗಿಯಾಗಿಡುವ ಸೆಟ್ಟಿಂಗ್ ಇದೆ, ಅದು ಕೊಡುವ ನೋರಿಪ್ಲೈ ವಿಳಾಸ ಬಳಸಿ. ಆ ವಿಳಾಸವನ್ನು ನಿಮ್ಮ ಕಂಪ್ಯೂಟರಿನಲ್ಲಿರುವ ಗಿಟ್‌ಗೂ ಹೇಳಬೇಕು, ಸೈಟಿನಲ್ಲಿ ಟಿಕ್ ಹಾಕಿದರಷ್ಟೇ ಸಾಲದು. ಹಳೆಯ ಕಮಿಟ್‌ಗಳಲ್ಲಿ ಹೋದದ್ದು ಹೋಯಿತು.

ಎರಡನೆಯದು: ಹೊರಗೆ ತೋರಿಸಲು ಬೇರೆಯೇ ವಿಳಾಸ ಇಟ್ಟುಕೊಳ್ಳಿ

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ನಿಮಗೆ ಸಮಯ ಇದ್ದರೆ ಇದನ್ನು ಮಾಡಿ. ಬ್ಯಾಂಕು, ಆಸ್ಪತ್ರೆ, ಪಾಸ್‌ವರ್ಡ್ ಬದಲಾವಣೆಗೆಲ್ಲ ಬಳಸುವ ವಿಳಾಸ ಸೈಟಿನ ಮೇಲೆ ಬರಲೇಬಾರದು. ಅದರ ಬದಲು ಒಂದು ಅಲಿಯಾಸ್ ಮಾಡಿ. ಅಲಿಯಾಸ್ ಅಂದರೆ ಸ್ವಂತ ಇನ್‌ಬಾಕ್ಸ್ ಇಲ್ಲದ ವಿಳಾಸ, ಬಂದದ್ದನ್ನೆಲ್ಲ ನಿಮ್ಮ ನಿಜವಾದ ವಿಳಾಸಕ್ಕೆ ದಾಟಿಸುತ್ತದೆ. ಸ್ವಂತ ಡೊಮೇನ್ ಇದ್ದರೆ ಇಮೇಲ್ ಸೇವೆಯ ಸೆಟ್ಟಿಂಗಿನಲ್ಲಿ ಸಾಮಾನ್ಯವಾಗಿ ಇದಕ್ಕೆ ಜಾಗ ಇರುತ್ತದೆ. ಇಲ್ಲದಿದ್ದರೆ ಅಲಿಯಾಸ್ ಕೊಡುವ ಬೇರೆ ಸೇವೆಗಳೂ ಇವೆ.

ಅನುಕೂಲ ಏನೆಂದರೆ, ಅಲಿಯಾಸ್ ಕೆಟ್ಟರೆ ಬಿಸಾಡಬಹುದು. ನಿಜವಾದ ವಿಳಾಸ ಕೆಟ್ಟರೆ ನೂರು ಕಡೆ ಬದಲಿಸುತ್ತಾ ಕೂರಬೇಕು.

ಜಿಮೇಲ್‌ನಲ್ಲಿ ಹೆಸರಿನ ಮುಂದೆ ಪ್ಲಸ್ ಹಾಕಿ ಏನಾದರೂ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ಹೆಸರು+ಸೈಟ್ ಎಂಬ ಹಾಗೆ. ಯಾವ ಕಡೆಯಿಂದ ವಿಳಾಸ ಸೋರಿತು ಎಂದು ತಿಳಿಯಲು ಇದು ಚೆನ್ನ. ಬಚ್ಚಿಡಲು ಮಾತ್ರ ಕೆಲಸಕ್ಕೆ ಬಾರದು, ಯಾಕೆಂದರೆ ಪ್ಲಸ್‌ನಿಂದ @ ತನಕ ಅಳಿಸಿದರೆ ಅಸಲಿ ವಿಳಾಸ ಕೈಗೆ ಬಂತು.

ಅಲಿಯಾಸ್‌ಗೆ ಹೆಸರಿಡುವಾಗ ಇನ್ಫೋ, ಅಡ್ಮಿನ್, ಸೇಲ್ಸ್, ಕಾಂಟ್ಯಾಕ್ಟ್ ಇವೆಲ್ಲ ಬೇಡ. ಸ್ಪ್ಯಾಮ್ ಕಳಿಸುವವರು ಸೈಟನ್ನು ನೋಡದೆಯೇ ಪ್ರತಿ ಡೊಮೇನಿಗೂ ಈ ಹೆಸರುಗಳನ್ನು ಅಂಟಿಸಿ ಕಳಿಸುತ್ತಾರೆ. ಊಹಿಸಬಹುದಾದ ವಿಳಾಸವನ್ನು ಪುಟದಲ್ಲಿ ಎಷ್ಟು ಮುಚ್ಚಿದರೂ ವ್ಯರ್ಥ. ನಾನಾದರೆ ವರ್ಷವನ್ನು ಸೇರಿಸುತ್ತೇನೆ, 'ಪತ್ರ2025' ಎನ್ನುವ ಹಾಗೆ. ಹಳತಾದಾಗ ನಿಲ್ಲಿಸಲು ನೆನಪೂ ಆಗುತ್ತದೆ. ಡೊಮೇನಿಗೆ ಬರುವ ಯಾವ ಹೆಸರಿನ ಮೇಲನ್ನಾದರೂ ಸ್ವೀಕರಿಸುವ ಕ್ಯಾಚ್-ಆಲ್ ಆನ್ ಇದ್ದರೆ ಆಫ್ ಮಾಡಿ. ಪೋಸ್ಟ್‌ಮಾಸ್ಟರ್ ಎಂಬ ವಿಳಾಸವನ್ನು ಮಾತ್ರ ಮುಚ್ಚಬೇಡಿ, ಅದು ಇರಲೇಬೇಕು ಎಂದು ಇಮೇಲ್‌ನ ನಿಯಮವೇ ಹೇಳುತ್ತದೆ.

ಇಲ್ಲೊಂದು ಬಲೆ ಇದೆ. ಅಲಿಯಾಸ್‌ಗೆ ಬಂದ ಪತ್ರಕ್ಕೆ ನೀವು ಉತ್ತರ ಬರೆದಾಗ, ಕಳಿಸಿದವರ ಜಾಗದಲ್ಲಿ ನಿಮ್ಮ ಅಸಲಿ ವಿಳಾಸವೇ ಹೋಗಿಬಿಡಬಹುದು. ಇಮೇಲ್ ಸೆಟ್ಟಿಂಗಿನಲ್ಲಿ 'ಈ ವಿಳಾಸದಿಂದ ಕಳಿಸು' ಎಂಬುದಕ್ಕೆ ಅಲಿಯಾಸನ್ನೂ ಸೇರಿಸಿ. ಗೆಳೆಯರೊಬ್ಬರಿಗೆ ಒಂದು ಉತ್ತರ ಕಳಿಸಿ, ಅವರ ಕಡೆ ಯಾವ ವಿಳಾಸ ಕಾಣುತ್ತದೆ ಅಂತ ಕೇಳಿ. ಮೇಲ್ ಕೊನೆಯಲ್ಲಿ ಬರುವ ಸಿಗ್ನೇಚರನ್ನೂ ಒಮ್ಮೆ ನೋಡಿಕೊಳ್ಳಿ.

ಮೂರನೆಯದು: ಆದಷ್ಟು ಫಾರ್ಮ್ ಇಡಿ

ಪುಟದಲ್ಲಿ ವಿಳಾಸವೇ ಇಲ್ಲದಿದ್ದರೆ ಕದಿಯಲು ಏನೂ ಇರುವುದಿಲ್ಲ, ಅಲ್ವಾ? ಸಂಪರ್ಕ ಫಾರ್ಮಿನ ಬಲ ಅದೇ. ಆದರೆ ಫಾರ್ಮನ್ನು ತಪ್ಪಾಗಿ ಕಟ್ಟಿದರೆ ವಿಳಾಸ ಸೋರುವುದಕ್ಕಿಂತ ದೊಡ್ಡ ತಲೆನೋವು ಬರುತ್ತದೆ.

ನಿಮ್ಮ ವಿಳಾಸ ಸರ್ವರಿನ ಸೆಟ್ಟಿಂಗಿನಲ್ಲಿ ಇರಬೇಕು, ಫಾರ್ಮಿನ ಅಡಗಿಸಿದ ಫೀಲ್ಡಿನಲ್ಲಿ ಅಲ್ಲ. 1990ರ ದಶಕದಲ್ಲಿ ಫಾರ್ಮ್‌ಮೇಲ್ ಎಂಬ ಸ್ಕ್ರಿಪ್ಟ್ ಬಹಳ ಕಡೆ ಬಳಕೆಯಲ್ಲಿತ್ತು. ಪತ್ರ ಯಾರಿಗೆ ಹೋಗಬೇಕು ಎಂಬುದನ್ನು ಅದು ಪುಟದಲ್ಲೇ ಅಡಗಿಸಿಡುತ್ತಿತ್ತು. ಬಾಟ್‌ಗಳು ಅದನ್ನು ಓದಿಕೊಂಡವು. ಸಾಲದ್ದಕ್ಕೆ ಸ್ಪ್ಯಾಮ್ ಕಳಿಸುವವರು ಆ ಜಾಗದಲ್ಲಿ ಬೇರೆಯವರ ವಿಳಾಸ ತುಂಬಿ, ಯಾರದೋ ಸರ್ವರಿನಿಂದ ಊರಿಗೆಲ್ಲ ಸ್ಪ್ಯಾಮ್ ಹಂಚಿದರು.

ಅದೇ ಜಾತಿಯ ಇನ್ನೊಂದು ತೂತು: ವಿಷಯ ಅಥವಾ ಇಮೇಲ್ ಬರೆಯುವ ಫೀಲ್ಡಿನಲ್ಲಿ ಹೊಸ ಸಾಲು ಹಾಕಲು ಬಿಟ್ಟರೆ, ಆ ಸಾಲಿನಲ್ಲಿ ಬಿಸಿಸಿ ಅಂತ ಬರೆದು ಸಾವಿರ ವಿಳಾಸ ತುರುಕಬಹುದು. ಹಾಗಾಗಿ ಸಂದೇಶದ ಪೆಟ್ಟಿಗೆ ಬಿಟ್ಟು ಬೇರೆಲ್ಲ ಫೀಲ್ಡುಗಳಲ್ಲಿ ಹೊಸ ಸಾಲನ್ನು ಸರ್ವರಿನಲ್ಲೇ ತಡೆಯಬೇಕು. ಹೆಸರಾಂತ ಫಾರ್ಮ್ ಪ್ಲಗಿನ್‌ಗಳು ಇದನ್ನು ಈಗಾಗಲೇ ನೋಡಿಕೊಂಡಿರುತ್ತವೆ. ಎಲ್ಲಿಂದಲೋ ಕಾಪಿ ಮಾಡಿ ತಂದ ಹತ್ತು ಸಾಲಿನ ಪಿಎಚ್‌ಪಿ ಕೋಡ್ ನೋಡಿಕೊಂಡಿರುತ್ತದೆ ಅನ್ನುವ ಹಾಗಿಲ್ಲ.

ಫಾರ್ಮಿನಿಂದ ಬರುವ ಮೇಲ್ ನಿಮ್ಮ ಡೊಮೇನಿನ ವಿಳಾಸದಿಂದಲೇ ಬರಲಿ, ಬರೆದವರ ವಿಳಾಸ ರಿಪ್ಲೈ-ಟು ಜಾಗದಲ್ಲಿರಲಿ. ಅವರ ವಿಳಾಸವನ್ನೇ ಕಳಿಸಿದವರ ಜಾಗದಲ್ಲಿ ಹಾಕಿದರೆ ಕಳಿಸಿದವರು ಅಸಲಿಯೇ ಎಂದು ನೋಡುವ ಎಸ್‌ಪಿಎಫ್, ಡಿಮಾರ್ಕ್ ತಪಾಸಣೆಯಲ್ಲಿ ಸಿಕ್ಕಿಬಿದ್ದು ಒಳ್ಳೆಯ ಪತ್ರವೂ ಸ್ಪ್ಯಾಮ್ ಫೋಲ್ಡರಿಗೆ ಹೋಗಬಹುದು. 'ನಿಮ್ಮ ಸಂದೇಶದ ಒಂದು ಪ್ರತಿ ನಿಮಗೂ ಕಳಿಸಿದ್ದೇವೆ' ಎಂಬ ಸೌಜನ್ಯವನ್ನೂ ಬಿಡಿ. ಫಾರ್ಮಿನಲ್ಲಿ ಯಾರದೋ ವಿಳಾಸ ತುಂಬಿದರೆ ಆ ಪ್ರತಿ ಅವರಿಗೆ ಹೋಗುತ್ತದೆ, ನಿಮ್ಮ ಹೆಸರಿನಲ್ಲಿ.

ಇನ್ನು ಫಾರ್ಮನ್ನೇ ತುಂಬುವ ಬಾಟ್‌ಗಳು. ಇವಕ್ಕೆ ಹನಿಪಾಟ್ ಎಂಬ ಹಳೆಯ ಉಪಾಯ ಈಗಲೂ ಚೆನ್ನಾಗಿ ನಡೆಯುತ್ತದೆ. ಫಾರ್ಮಿನಲ್ಲಿ ಒಂದು ಹೆಚ್ಚಿನ ಫೀಲ್ಡ್ ಇಡಿ. ಸಿಎಸ್‌ಎಸ್‌ನಿಂದ ಅದನ್ನು ಪರದೆಯ ಆಚೆಗೆ ತಳ್ಳಿ. ಮನುಷ್ಯರಿಗೆ ಕಾಣದು, ಹಾಗಾಗಿ ಖಾಲಿ ಬಿಡುತ್ತಾರೆ. ಬಾಟ್ ಎಲ್ಲವನ್ನೂ ತುಂಬುತ್ತದೆ. ಆ ಫೀಲ್ಡಿನಲ್ಲಿ ಏನಾದರೂ ಇದ್ದರೆ ಸಂದೇಶವನ್ನು ಸುಮ್ನೆ ಎಸೆದುಬಿಡಿ. ಆದರೆ ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆ ಫೀಲ್ಡನ್ನೂ ಓದಿಬಿಡಬಹುದು. ಅದಕ್ಕೇ ಅದರ ಲೇಬಲ್ಲಿನಲ್ಲಿ 'ಇದನ್ನು ಖಾಲಿ ಬಿಡಿ' ಎಂದು ಬರೆದಿರಬೇಕು. ಟ್ಯಾಬ್ ಒತ್ತಿದಾಗ ಅಲ್ಲಿಗೆ ಹೋಗದಂತೆ, ಬ್ರೌಸರ್ ತಾನೇ ತುಂಬದಂತೆಯೂ ಮಾಡಬೇಕು. ಆ ಫೀಲ್ಡಿಗೆ ಫೋನ್, ವಿಳಾಸ ಎಂಬಂಥ ಹೆಸರಿಟ್ಟರೆ ಬ್ರೌಸರಿನ ಆಟೋಫಿಲ್ ಅದನ್ನು ತುಂಬಿ, ಪಾಪ, ನಿಜವಾದ ಓದುಗರ ಪತ್ರವನ್ನೇ ಕಸಕ್ಕೆ ಕಳಿಸುತ್ತದೆ.

ಜೊತೆಗೆ, ಪುಟ ತೆರೆದ ಎರಡೇ ಸೆಕೆಂಡಿಗೆ ತುಂಬಿ ಬಂದ ಫಾರ್ಮನ್ನು ನಂಬಬೇಡಿ. ಇವೆರಡರಿಂದಲೂ ನಿಲ್ಲದಿದ್ದರೆ ಮಾತ್ರ ಕ್ಯಾಪ್ಚಾ. ಟ್ರಾಫಿಕ್ ಲೈಟಿನ ಚಿತ್ರ ಆರಿಸಿ ಎಂದು ಓದುಗರನ್ನು ಪರೀಕ್ಷೆಗೆ ಕೂರಿಸುವುದು ಕೊನೆಯ ದಾರಿಯಾಗಿರಲಿ.

ನಾಲ್ಕನೆಯದು: ವಿಳಾಸ ತೋರಿಸಲೇಬೇಕಾದರೆ

ಫಾರ್ಮ್ ಒಂದೇ ಎಲ್ಲರಿಗೂ ಆಗುವುದಿಲ್ಲ. ಐರೋಪ್ಯ ಒಕ್ಕೂಟದ 2000ದ ಇ-ಕಾಮರ್ಸ್ ನಿರ್ದೇಶನದ ಪ್ರಕಾರ ವ್ಯಾಪಾರದ ಸೈಟುಗಳು ಇಮೇಲ್ ವಿಳಾಸ ಕೊಡಲೇಬೇಕು. ಅದಿಲ್ಲದಿದ್ದರೂ, ಫಾರ್ಮಿಗಿಂತ ಸ್ವಂತ ಇಮೇಲಿನಿಂದ ಬರೆಯುವುದನ್ನೇ ಇಷ್ಟಪಡುವವರು ಬಹಳ. ಬರೆದದ್ದರ ಪ್ರತಿ ಅವರಲ್ಲಿ ಉಳಿಯುತ್ತದಲ್ಲ.

ಅತಿ ಅಗ್ಗದ ಉಪಾಯ ಎಚ್‌ಟಿಎಂಎಲ್ ಎಂಟಿಟಿ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ, ಅಕ್ಷರದ ಬದಲು ಆ ಸಂಖ್ಯೆ ಬರೆಯುವುದು. @ ಅಂದರೆ 64, ಚುಕ್ಕಿ ಅಂದರೆ 46. ಇಂಗ್ಲಿಷಿನಲ್ಲಿ ಇನ್ಫೋ ಮತ್ತು @ ಹೀಗಾಗುತ್ತದೆ:

info@

ಬ್ರೌಸರ್ ಇದನ್ನು ಓದಿ ಸರಿಯಾದ ಅಕ್ಷರಗಳನ್ನೇ ತೋರಿಸುತ್ತದೆ. ಕಾಪಿ ಮಾಡಬಹುದು, ಸ್ಕ್ರೀನ್ ರೀಡರ್ ಓದುತ್ತದೆ, ಕ್ಲಿಕ್ ಮಾಡಿದರೆ ಮೇಲ್ ಬರೆಯಲು ತೆರೆದುಕೊಳ್ಳುವ ಮೇಲ್‌ಟು ಲಿಂಕಿನೊಳಗೂ ನಡೆಯುತ್ತದೆ. ಓದುಗರಿಗೆ ಏನೇನೂ ತೊಂದರೆ ಇಲ್ಲ. ಕೋಡನ್ನು ಹಾಗೇ ಜಾಲಾಡುವ ಸೋಮಾರಿ ಬಾಟ್‌ಗೆ ವಿಳಾಸ ಸಿಗುವುದಿಲ್ಲ. ಎಚ್‌ಟಿಎಂಎಲ್ ಓದುವ ಲೈಬ್ರರಿ ಬಳಸುವ ಬಾಟ್‌ಗೆ ಮಾತ್ರ ಇದು ಅಡ್ಡಿಯೇ ಅಲ್ಲ. ಆದರೂ ಬಿಟ್ಟಿಯಾಗಿ ಸಿಗುವ ರಕ್ಷಣೆ ಯಾಕೆ ಬಿಡಬೇಕು? ವರ್ಡ್‌ಪ್ರೆಸ್‌ನಲ್ಲಿ ಆಂಟಿಸ್ಪ್ಯಾಮ್‌ಬಾಟ್ ಎಂಬ ಫಂಕ್ಷನ್ ಇದನ್ನೇ ಮಾಡುತ್ತದೆ, ಅದೂ ಕೆಲವು ಅಕ್ಷರಗಳನ್ನು ಮಾತ್ರ ಮನಸ್ಸಿಗೆ ಬಂದ ಹಾಗೆ ಆರಿಸಿ.

ಇದಕ್ಕಿಂತ ಗಟ್ಟಿಯಾದದ್ದು ಬೇಕಾದರೆ ಜಾವಾಸ್ಕ್ರಿಪ್ಟ್. ವಿಳಾಸವನ್ನು ತುಂಡು ಮಾಡಿ ಇಡಿ: ಹೆಸರು ಒಂದು ಕಡೆ, ಡೊಮೇನ್ ಇನ್ನೊಂದು ಕಡೆ, @ ಎಲ್ಲೂ ಬೇಡ. ಪುಟದಲ್ಲಿ 'ಇಮೇಲ್ ವಿಳಾಸ ತೋರಿಸಿ' ಎಂಬ ಬಟನ್ ಇರಲಿ. ಒತ್ತಿದಾಗ ಸ್ಕ್ರಿಪ್ಟ್ ತುಂಡುಗಳನ್ನು ಜೋಡಿಸಿ ವಿಳಾಸವನ್ನು ಪುಟಕ್ಕೆ ತರಲಿ. ಪುಟ ತೆರೆದ ತಕ್ಷಣ ಜೋಡಿಸುವುದಕ್ಕಿಂತ ಒತ್ತಿದ ಮೇಲೆ ಜೋಡಿಸುವುದು ಒಳ್ಳೆಯದು. ಈಗಿನ ಕೆಲವು ಬಾಟ್‌ಗಳು ನಿಜವಾದ ಬ್ರೌಸರನ್ನೇ ಪರದೆ ಇಲ್ಲದೆ ಓಡಿಸುತ್ತವೆ, ಸ್ಕ್ರಿಪ್ಟ್ ಕೂಡ ಅದರಲ್ಲಿ ನಡೆಯುತ್ತದೆ. ಆದರೆ ಕಂಡ ಕಂಡ ಬಟನ್ನುಗಳನ್ನೆಲ್ಲ ಒತ್ತುತ್ತಾ ಕೂರುವಷ್ಟು ಪುರುಸೊತ್ತು ಅವಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಬಟನ್ ಅನ್ನು ನಿಜವಾದ ಬಟನ್ ಆಗಿಯೇ ಬರೆಯಿರಿ, ಕೀಬೋರ್ಡಿನಿಂದಲೂ ಒತ್ತಲು ಬರುತ್ತದೆ. ಸ್ಕ್ರಿಪ್ಟ್ ನಡೆಯದ ಕಡೆ ಫಾರ್ಮಿನ ಲಿಂಕ್ ಕಾಣುವ ಹಾಗೆ ಮಾಡಿ.

ನಿಮ್ಮ ಸೈಟ್, ಓದುಗರಿಗೂ ಸರ್ವರಿಗೂ ನಡುವೆ ನಿಲ್ಲುವ ಕ್ಲೌಡ್‌ಫ್ಲೇರ್ ಎಂಬ ಸೇವೆಯ ಮೂಲಕ ಹೋಗುತ್ತಿದ್ದರೆ ಇಂಥದ್ದೇ ಸೌಲಭ್ಯ ಅಲ್ಲಿ ತಯಾರಾಗಿದೆ. ಅದು ವಿಳಾಸದ ಪ್ರತಿ ಅಕ್ಷರದ ಸಂಖ್ಯೆಯನ್ನು ಒಂದು ಕೀಲಿಯ ಜೊತೆ ಎಕ್ಸ್‌ಒಆರ್ ಮಾಡಿ (ಅದೇ ಕೀಲಿಯಿಂದ ಇನ್ನೊಮ್ಮೆ ಮಾಡಿದರೆ ಮೊದಲಿನ ಸಂಖ್ಯೆಯೇ ವಾಪಸು ಬರುವ ಲೆಕ್ಕ ಇದು), ಕೀಲಿಯನ್ನೇ ಮೊದಲಲ್ಲಿಟ್ಟು ಬರೆಯುತ್ತದೆ. ಹದಿನಾರರ ಲೆಕ್ಕದಲ್ಲಿ @ ಅಂದರೆ 40. ಕೀಲಿ 42 ಆಗಿದ್ದರೆ @ ಜಾಗದಲ್ಲಿ 02 ಬರುತ್ತದೆ. ಬಿಡಿಸುವ ದಾರಿ ಅದರಲ್ಲೇ ಇದೆ ಎಂಬುದನ್ನು ಗಮನಿಸಿ. ಲೆಕ್ಕವಿಲ್ಲದಷ್ಟು ಸೈಟುಗಳು ಇದೊಂದೇ ವಿಧಾನ ಬಳಸುವುದರಿಂದ ಬಿಡಿಸುವ ಕೋಡನ್ನು ಒಮ್ಮೆ ಬರೆದರೆ ಬಾಟ್‌ಗೆ ಗಿಟ್ಟುತ್ತದೆ. ಅದಕ್ಕೇ ನಿಮ್ಮದೇ ಸಣ್ಣ ಸ್ಕ್ರಿಪ್ಟ್, ಎಷ್ಟೇ ಪೆದ್ದಾಗಿದ್ದರೂ, ಕೆಲವೊಮ್ಮೆ ಹೆಸರಾಂತ ವಿಧಾನಕ್ಕಿಂತ ಚೆನ್ನಾಗಿ ಕಾಯುತ್ತದೆ. ನಿಮ್ಮೊಬ್ಬರಿಗಾಗಿ ಯಾರೂ ಬಾಟ್ ತಿದ್ದುವುದಿಲ್ಲ.

ಮಾಡಬಾರದ ಮೂರು ಸಂಗತಿಗಳು. @ ಬದಲು 'ಅಟ್', ಚುಕ್ಕಿ ಬದಲು 'ಡಾಟ್' ಅಂತ ಇಂಗ್ಲಿಷಿನಲ್ಲಿ ಬರೆಯುವುದನ್ನು ಬಿಡಿ. ಅದನ್ನು ಹಿಡಿಯಲು ಬಾಟ್‌ಗೆ ಒಂದು ಸಾಲಿನ ಕೋಡ್ ಸಾಕು, ಓದುಗರಿಗೆ ಮಾತ್ರ ಪ್ರತಿ ಸಲ ತಿದ್ದುವ ಕೆಲಸ. ವಿಳಾಸವನ್ನು ಚಿತ್ರವಾಗಿ ಹಾಕುವುದು ಇನ್ನೂ ಕೆಟ್ಟದ್ದು. ಕಾಪಿ ಆಗುವುದಿಲ್ಲ, ಮೊಬೈಲಿನಲ್ಲಿ ಮಸುಕು, ಕಣ್ಣು ಕಾಣದವರಿಗೆ ಅದು ಇಲ್ಲವೇ ಇಲ್ಲ. ಚಿತ್ರದ ವಿವರಣೆಯಲ್ಲಿ ವಿಳಾಸ ಬರೆದರೆ ಬಾಟ್‌ಗೂ ಸಿಕ್ಕಿತು, ಬರೆಯದಿದ್ದರೆ ಕಣ್ಣು ಕಾಣದವರನ್ನು ಹೊರಗಿಟ್ಟ ಹಾಗಾಯಿತು. ವಿಳಾಸವನ್ನು ಹಿಂದುಮುಂದಾಗಿ ಬರೆದು ಸಿಎಸ್‌ಎಸ್‌ನಿಂದ ನೇರ ಮಾಡಿ ತೋರಿಸುವ ಉಪಾಯವೂ ಇದೆ. ನೋಡಲು ಸರಿ ಇರುತ್ತದೆ, ಕಾಪಿ ಮಾಡಿ ಅಂಟಿಸಿದರೆ ಹಿಂದುಮುಂದಾಗಿಯೇ ಬರುತ್ತದೆ.

ಆಗಲೇ ಸೋರಿಹೋಗಿದ್ದರೆ

ಪುಟದಿಂದ ಇವತ್ತು ತೆಗೆದರೂ ಹಳೆಯ ಪಟ್ಟಿಗಳಿಂದ ವಿಳಾಸ ಹೋಗುವುದಿಲ್ಲ. ಆ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಹಳೆಯ ವೆಬ್ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್‌ನಂಥ ಕಡೆ ನಿಮ್ಮ ಹಳೆಯ ಪುಟದ ಪ್ರತಿಯೂ ಇರಬಹುದು. ಹಾಗಾಗಿ ಕೆಟ್ಟ ವಿಳಾಸವನ್ನು ಮುಚ್ಚಿಡಲು ಹೆಣಗುವುದಕ್ಕಿಂತ ಹೊಸ ಅಲಿಯಾಸ್ ಮಾಡಿ ಮುಂದೆ ಹೋಗುವುದು ಲೇಸು.

ಮುಂದೆ ಎಲ್ಲಿಂದ ಸೋರುತ್ತದೆ ಎಂದು ತಿಳಿಯಬೇಕಾದರೆ ಪುಟಕ್ಕೊಂದು ಅಲಿಯಾಸ್ ಇಡಿ: ಸಂಪರ್ಕ ಪುಟಕ್ಕೆ ಒಂದು, ಪಿಡಿಎಫ್‌ಗೆ ಇನ್ನೊಂದು. 2004ರಲ್ಲಿ ಶುರುವಾದ ಪ್ರಾಜೆಕ್ಟ್ ಹನಿ ಪಾಟ್ ಇದೇ ಉಪಾಯವನ್ನು ದೊಡ್ಡ ಮಟ್ಟದಲ್ಲಿ ಮಾಡಿತು. ಪುಟಕ್ಕೆ ಬಂದ ಪ್ರತಿ ಬಾಟ್‌ಗೂ ಬೇರೆ ಬೇರೆ ವಿಳಾಸ ತೋರಿಸಿ, ಆಮೇಲೆ ಯಾವ ವಿಳಾಸಕ್ಕೆ ಸ್ಪ್ಯಾಮ್ ಬಂತು ಎಂಬುದರಿಂದ ಕದ್ದ ಬಾಟ್‌ನ ಐಪಿಯನ್ನು, ಅಂದರೆ ಅದು ಓಡುವ ಕಂಪ್ಯೂಟರಿನ ಇಂಟರ್ನೆಟ್ ಸಂಖ್ಯೆಯನ್ನು, ಪತ್ತೆ ಹಚ್ಚುತ್ತಿತ್ತು.

ಗುರುತಿಲ್ಲದ ಸ್ಪ್ಯಾಮಿನಲ್ಲಿರುವ ಅನ್‌ಸಬ್‌ಸ್ಕ್ರೈಬ್ ಲಿಂಕ್ ಒತ್ತಬೇಡಿ. 'ಈ ವಿಳಾಸದಲ್ಲಿ ಓದುವವರು ಇದ್ದಾರೆ' ಎಂದು ನೀವೇ ಹೇಳಿದ ಹಾಗಾಗುತ್ತದೆ.

ಹಳೆಯ ಅಲಿಯಾಸನ್ನು ಒಮ್ಮೆಗೇ ಅಳಿಸಬೇಡಿ. ಕೆಲವು ತಿಂಗಳು ಎರಡೂ ನಡೆಯಲಿ, ಹಳೆಯದಕ್ಕೆ ಬರೆಯುವ ಪರಿಚಯದವರಿಗೆ ಹೊಸದರಿಂದ ಉತ್ತರಿಸಿ. ಆಮೇಲೆ ನಿಲ್ಲಿಸುವಾಗ 'ವಿಳಾಸ ಬದಲಾಗಿದೆ' ಎಂಬ ಆಟೋ ರಿಪ್ಲೈ ಹಾಕಬೇಡಿ. ಸ್ಪ್ಯಾಮಿನಲ್ಲಿ ಕಳಿಸಿದವರ ವಿಳಾಸ ಸಾಮಾನ್ಯವಾಗಿ ಸುಳ್ಳು, ನಿಮ್ಮ ಉತ್ತರ ಯಾವ ಪಾಪದವರ ಇನ್‌ಬಾಕ್ಸಿಗೆ ಹೋಗಿ ಬೀಳುತ್ತದೋ ಗೊತ್ತಿಲ್ಲ. ಬದಲಿಗೆ ಮೇಲ್ ಸರ್ವರೇ 550 ಸಂಕೇತದೊಂದಿಗೆ ಅದನ್ನು ಬಾಗಿಲಲ್ಲೇ ತಿರಸ್ಕರಿಸುವಂತೆ ಮಾಡಿ. ತಿರಸ್ಕಾರದ ಜೊತೆ ಒಂದು ಸಾಲಿನ ಸಂದೇಶ ಸೇರಿಸಲು ನಿಮ್ಮ ಸೇವೆ ಬಿಟ್ಟರೆ, ಅಲ್ಲಿ ಸಂಪರ್ಕ ಫಾರ್ಮಿನ ಲಿಂಕ್ ಬರೆಯಿರಿ. ನಿಜವಾಗಿ ಬರೆದವರಿಗೆ ಅವರದೇ ಸರ್ವರಿನಿಂದ ಆ ಸಾಲು ವಾಪಸು ಬರುತ್ತದೆ, ಫಾರ್ಮಿಗೆ ಬಂದು ಬರೆಯುತ್ತಾರೆ. ಬಾಟ್‌ಗಳು ಅದನ್ನು ಓದುವ ಗೋಜಿಗೇ ಹೋಗುವುದಿಲ್ಲ.